ಒಮ್ಮೆಯೂ ಬಿದ್ದಿಲ್ಲ

ಬಿದ್ದಿಲ್ಲ ಎಂದು ಬರೆಯುವುದಕ್ಕೆ ಅಶೋಕಕುಮಾರನಿಗೆ ಮೂರು ದಿನ ಬೇಕಾಯಿತು. ಹಳೆಯ ಸಾಮಾನು ಮಾರುವ ಆಪಿನಲ್ಲಿ ಫೋಟೋ ಹಾಕಿದ್ದಾಗಿತ್ತು, ಬೆಲೆ ಹಾಕಿದ್ದಾಗಿತ್ತು, 'ಬೈಕ್ ಸವಾರಿಯ ಜಾಕೆಟ್ಟು, ಮೊಣಕಾಲಿನ ಗಾರ್ಡು, ಕೈಗವಸು, ಮೂರೂ ಸೇರಿ' ಎಂದು ಬರೆದದ್ದೂ ಆಗಿತ್ತು. ಅದರ ಕೆಳಗೆ 'ವಸ್ತುವಿನ ಸ್ಥಿತಿ' ಎಂಬ ಖಾಲಿ ಚೌಕವೊಂದು ಉಳಿದಿತ್ತು. ಭಾಲ್ಕಿಯ ಸರಕಾರಿ ಕಚೇರಿಯೊಂದರಲ್ಲಿ ಹದಿನಾರು ವರ್ಷ ಗುಮಾಸ್ತನಾಗಿದ್ದು ಊರವರ ಸ್ಥಿತಿಗತಿಯನ್ನೆಲ್ಲ ಒಂದೊಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದವನಿಗೆ ಈ ಬೆರಳಗಲದ ಚೌಕ ತುಂಬಿಸುವುದಾಗಲಿಲ್ಲ. 'ಒಮ್ಮೆ ಮಾತ್ರ' ಎಂದು ಬರೆದ. ಏನು ಒಮ್ಮೆ ಮಾತ್ರ ಎಂದು ಕೇಳುವವರಿದ್ದಾರೆ ಎನಿಸಿ ಅಳಿಸಿದ. ಜಾಕೆಟ್ಟಿನ ಎಡ ಮೊಣಕೈಯ ಮೇಲೆ ಕಂಕರಿ ಕಲ್ಲು ಉಜ್ಜಿ ಬೆಳ್ಳಗಾಗಿದ್ದ ಅಂಗೈಯಗಲದ ಜಾಗಕ್ಕೆ ಆಫೀಸಿನ ಬೂಟಿಗೆ ಹಚ್ಚುವ ಕರಿ ಪಾಲಿಶ್ ಹಚ್ಚಿ, ಬನಿಯನ್ನಿನ ಚಿಂದಿಯಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದ. ಹೊಳೆಯಿತು. ಹೊಳೆದ ಮೇಲೆ ಬೇರೆ ಬರೆಯುವುದೇನಿದೆ ಎಂದುಕೊಂಡು 'ಒಮ್ಮೆಯೂ ಬಿದ್ದಿಲ್ಲ' ಎಂದು ಬರೆದು ಗುಂಡಿ ಒತ್ತಿದ. ಒಳಗೆ ಅಡುಗೆಮನೆಯಲ್ಲಿ ಶೀತಲ ರೊಟ್ಟಿ ಲಟ್ಟಿಸುತ್ತಿದ್ದಳು. ಮೂರು ವರ್ಷದ ಹಿಂದಾದರೆ ಅವಳು ರೊಟ್ಟಿ ತಟ್ಟುವ ಸದ್ದಿಗೇ ಬೀದರದ ಚಿದ್ರಿಯ ಅವರ ಓಣಿಗೆ ಬೆಳಗಾಗುತ್ತಿತ್ತು. ಈಗ ಲಟ್ಟಣಿಗೆ ಕಲ್ಲಿನ ಮೇಲೆ ಉರುಳುವ ಸದ್ದು. ಅದು ಸದ್ದೇ ಅಲ್ಲ, ಸದ್ದಾಗಬಾರದೆಂದು ಯಾರೋ ಮೆಲ್ಲಗೆ ನಡೆದಾಡಿದ ಹಾಗೆ.

ಬೈಕನ್ನು ಅವನು ಹೋದ ಮಳೆಗಾಲಕ್ಕೆ ಮೊದಲೇ ಮಾರಿದ್ದ. ಸೊಂಟನೋವು ಎಂದು ಎಲ್ಲರಿಗೂ ಹೇಳಿದ್ದ, ಯಾರೂ ಯಾಕೆಂದು ಕೇಳಿರಲಿಲ್ಲ. ಜಾಕೆಟ್ಟು ಮಾತ್ರ ಮಲಗುವ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದೇ ಇತ್ತು. ಭುಜ, ಬೆನ್ನು, ಮೊಣಕೈಗಳಲ್ಲಿ ಗಟ್ಟಿ ತುಂಡುಗಳಿದ್ದುದರಿಂದ ಅದು ಉಳಿದ ಬಟ್ಟೆಗಳಂತೆ ಜೋತುಬೀಳುತ್ತಿರಲಿಲ್ಲ, ಒಳಗೆ ಇನ್ನೊಬ್ಬ ನಿಂತಿರುವಂತೆ ಎದೆಯುಬ್ಬಿಸಿ ನಿಂತಿರುತ್ತಿತ್ತು. ಬಾಗಿಲು ಹಾಕಿದಾಗಲೆಲ್ಲ ಆ ಇನ್ನೊಬ್ಬ ಕೋಣೆಯೊಳಗೆ ಬರುತ್ತಿದ್ದ. ಶೀತಲ ಅದರ ಬಗ್ಗೆ ಒಂದು ದಿನವೂ ಏನೂ ಅಂದವಳಲ್ಲ. ತಿಂಗಳಿಗೊಮ್ಮೆ ಅದರ ಭುಜದ ಮೇಲಿನ ಧೂಳು ಒರೆಸುತ್ತಿದ್ದಳು. ಎಡಗೈಯಿಂದ.

ಜಾಹೀರಾತಿಗೆ ಮೊದಲ ದಿನವೇ ಹನ್ನೊಂದು ಜನ ಬರೆದರು. ಒಂಬತ್ತು ಜನ 'ಲಾಸ್ಟ್ ಎಷ್ಟು' ಎಂದು ಕೇಳಿ ಉತ್ತರ ಓದದೆ ಮಾಯವಾದರು. ಭಾಲ್ಕಿಯ ಫಿರೋಜ ಎಂಬವನು ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವುದಿದೆ, ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತೀರಾ, ಹುಡುಗಿಗೂ ಒಂದು ಬೇಕಿತ್ತು ಎಂದು ಕೇಳಿದ. ಹುಡುಗಿಗೂ ಒಂದು ಎಂಬ ಮಾತನ್ನು ಅಶೋಕಕುಮಾರ ಎರಡು ಸಲ ಓದಿ ಫೋನನ್ನು ಬೋರಲು ಇಟ್ಟ. ಹನ್ನೊಂದನೆಯವನು ಎಕಂಬಾದ ಧೊಂಡಿಬಾ. ಅವನು ಬರೆಯಲಿಲ್ಲ, ಧ್ವನಿ ಕಳಿಸಿದ. ಹಿಂದೆ ಕುರಿಗಳು ಅರಚುತ್ತಿದ್ದವು. 'ಸಾಹೇಬ್ರ, ಸಾಮಾನ ನನಗಿ ಬೇಕಾಗ್ಯಾದ. ನಾ ಔರಾದಕ್ಕ ಬರ್ತೇನಿ, ನೀವು ಐತವಾರ ತಗೊಂಡು ಬರ್ರಿ. ಮನಿಯಾಗ ಕೂತು ನೋಡಿ ತಗೋತೇವ್ರಿ. ರೊಕ್ಕದ ಮಾತು ಆಮ್ಯಾಲೆ.' ನೋಡಿ ತಗೋತೇವೆ ಎಂಬುದರಲ್ಲಿ ಹೆಣ್ಣು ನೋಡುವ ಮರ್ಯಾದೆಯಿತ್ತು. ಅಶೋಕಕುಮಾರ ಒಪ್ಪಿಕೊಂಡ.

ರವಿವಾರ ಬೆಳಿಗ್ಗೆ ಬೀದರದ ಬಸ್‌ಸ್ಟ್ಯಾಂಡಿನಲ್ಲಿ ಔರಾದ ಬಸ್ಸು ಹತ್ತಿದಾಗ ಕಂಡಕ್ಟರನು ಅವನ ಕೈಯಲ್ಲಿದ್ದ ಅಕ್ಕಿಚೀಲವನ್ನು ಕಾಲಿನಿಂದ ಮುಟ್ಟಿ ನೋಡಿದ. ಚೀಲದ ಬಾಯಿಂದ ಜಾಕೆಟ್ಟಿನ ಒಂದು ಮೊಣಕೈ ಹೊರಗೆ ಬಂದು ಬೆರಳಿಲ್ಲದ ಭಿಕ್ಷುಕನಂತೆ ಚಾಚಿಕೊಂಡಿತ್ತು.

'ಇದಕ್ಕ ಲಗೇಜ್ ಟಿಕೇಟ್ ತಗೋಬೇಕ್ರಿ.'

'ಬಟ್ಟಿ ಅದಾವ್ರಿ.'

'ಬಟ್ಟಿ ಅಂದ್ರ ಮೈಮ್ಯಾಲೆ ಇರಬೇಕು. ಚೀಲದಾಗ ಇದ್ದದ್ದು ಲಗೇಜು.'

ಕಂಡಕ್ಟರ್ ತಮಾಷೆ ಮಾಡುತ್ತಿರಲಿಲ್ಲ, ನಿಯಮವನ್ನು ಹೇಳುತ್ತಿದ್ದ. ನಿಯಮ ಎಂದರೆ ಅಶೋಕಕುಮಾರನಿಗೆ ಮೊದಲಿನಿಂದಲೂ ಒಂದು ವಿಧೇಯತೆ. ವಾದಿಸಿದರೆ ಹಿಂದಿನವರು ಕೂಗಾಡುತ್ತಾರೆ, ಟಿಕೇಟು ತೆಗೆದರೆ ತಾನು ಬಟ್ಟೆಯನ್ನು ಬಟ್ಟೆಯಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. ಅವನು ನಡುದಾರಿಯಲ್ಲಿ ನಿಂತೇ ಜಾಕೆಟ್ಟು ತೊಟ್ಟು, ಚೈನು ಎಳೆದುಕೊಂಡು, ಬಗ್ಗಿ ಮೊಣಕಾಲಿನ ಗಾರ್ಡು ಕಟ್ಟಿಕೊಂಡು, ಕೈಗವಸನ್ನೂ ಹಾಕಿಕೊಂಡು, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡ. ಕಂಡಕ್ಟರನು ತೃಪ್ತಿಯಿಂದ ಒಂದೇ ಟಿಕೇಟು ಹರಿದು ಕೊಟ್ಟ. ಏಪ್ರಿಲ್ ತಿಂಗಳು. ಬಸ್ಸು ಊರು ಬಿಡುವುದರೊಳಗೆ ಬೆವರು ಬೆನ್ನಿನ ಗಟ್ಟಿ ತುಂಡಿನ ಕೆಳಗೆ ಸೇರಿ, ದಾರಿ ಸಿಗದೆ ಅಲ್ಲೇ ನಿಂತಿತು. ಪಕ್ಕದಲ್ಲಿ ಕೂತಿದ್ದ ವಜೀರಬೀ ಎಂಬ ಮುದುಕಿ, ಸಂತಪುರದ ಮಗಳ ಮನೆಗೆ ಹೊರಟವಳು, ತನ್ನ ಹೆಸರು, ಮಗಳ ಹೆಸರು, ಅಳಿಯನ ಗುಣ ಎಲ್ಲ ಹೇಳಿ ಮುಗಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. 'ಫೌಜಿ ಹೈ ಕ್ಯಾ ಬಾವಾ?' ಎಂದು, ಮಿಲಿಟರಿಯವನೇನೋ ಎಂಬಂತೆ ಕೇಳಿದಳು. ಅಲ್ಲ ಎಂದ. 'ಗಾಡಿ ಎಲ್ಲಿ ಅದ ಮತ್ತ?' ಎಂದು ಕನ್ನಡಕ್ಕೆ ಇಳಿದಳು. ಗಾಡಿ ಇಲ್ಲ ಎಂದ. ವಜೀರಬೀ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ಕೆಂಪು ನೆಲವನ್ನು ನೋಡಿ, ಬಸ್ಸಿನಲ್ಲಿ ಕೂರುವುದಕ್ಕೂ ಇಷ್ಟು ಹೆದರುವ ಗಂಡಸನ್ನು ಕಂಡು ಮರುಕಪಟ್ಟು, ತನ್ನ ಚೀಲದಿಂದ ಒಂದು ಪೇರಲಹಣ್ಣು ತೆಗೆದು ಕೊಟ್ಟಳು. ಕೈಗವಸಿನಲ್ಲಿ ಹಿಡಿದ ಹಣ್ಣು ಹಣ್ಣಿನಂತೆ ಅನಿಸಲೇ ಇಲ್ಲ.

ಮೂರು ವರ್ಷದ ಹಿಂದೆ ಭಾತಂಬ್ರಾದ ಒಂದು ಮದುವೆಯಲ್ಲಿಯೂ ಹೀಗೆಯೇ ಎಲ್ಲರೂ ನೋಡಿದ್ದರು. ಆಗ ಗಾಡಿಯಿತ್ತು, ಹಿಂದೆ ಶೀತಲ ಇದ್ದಳು, ಅವಳ ಮೈಮೇಲೆ ಹಸಿರು ರೇಷ್ಮೆ ಸೀರೆಯಿತ್ತು. ಅವನ ಮೈಮೇಲೆ ಇದೆಲ್ಲ ಇತ್ತು. ಪೆಂಡಾಲಿನ ಮುಂದೆ ನೆರೆದವರು ದಾರಿ ಬಿಟ್ಟುಕೊಟ್ಟಾಗ ಅವನು ಸುಮ್ಮನೆ ನಿಲ್ಲಿಸಬಹುದಿತ್ತು. ಅರ್ಧ ಸುತ್ತು ಹೊಡೆದು ನಿಲ್ಲಿಸೋಣ ಎನಿಸಿತು. ನಡೆಯುವ ಮನುಷ್ಯನ ವೇಗವೂ ಇರಲಿಲ್ಲ. ಕಂಕರಿಯ ಮೇಲೆ ಮುಂದಿನ ಗಾಲಿ ಜಾರಿತು, ಗಾಡಿ ದಣಿದ ಎಮ್ಮೆಯ ಹಾಗೆ ಮಗ್ಗುಲಾಯಿತು. ಅವನು ತಕ್ಷಣ ಎದ್ದು ನಿಂತ. ವಾಜಂತ್ರಿಯವರೂ ಬಾರಿಸುವುದನ್ನು ಬಿಟ್ಟು ಓಡಿಬಂದಿದ್ದರು. 'ಏನೂ ಆಗಿಲ್ರಿ, ಏನೂ ಆಗಿಲ್ಲ, ಜಾಕೀಟ ಇತ್ತು' ಎಂದು ಅವನು ನಗುತ್ತ ಹೇಳಿದ. ಯಾರೋ ಇದರೊಳಗ ಏನದ ಎಂದು ಕೇಳಿದರು. ಅವನು ಮೊಣಕೈಯ ಮೇಲೆ ಬೆರಳ ಗೆಣ್ಣಿನಿಂದ ಟಕಟಕ ಬಡಿದು ತೋರಿಸಿದ. ಇನ್ನೊಬ್ಬರು ತಾವೂ ಬಡಿದು ನೋಡಿದರು. ಬೆನ್ನಿಗೂ ಅದ ಎಂದು ಅವನು ತಿರುಗಿ ಬೆನ್ನು ತೋರಿಸಿದ. ಹಾಗೆ ತಿರುಗಿದಾಗಲೇ, ಇಬ್ಬರು ಹೆಂಗಸರು ಶೀತಲಳನ್ನು ಎತ್ತಿ ನಡೆಸಿಕೊಂಡು ಹೋಗುತ್ತಿರುವುದು ಕಂಡದ್ದು. ಅವಳ ಬಲಗೈ ಬೇರೆ ಯಾರದೋ ಕೈಯನ್ನು ಅವಳಿಗೆ ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ಕೊಟ್ಟ ಹಾಗೆ ತೂಗುತ್ತಿತ್ತು. ಎಲುಬು ಕೂಡಿತು. ಸೊಟ್ಟ ಕೂಡಿತು. ಮೂರು ವರ್ಷ ಅವನು ಲೆಕ್ಕ ಹಾಕಿದ್ದು ಒಂದನ್ನೇ: ಏನೂ ಆಗಿಲ್ಲ ಎಂದು ತಾನು ಹೇಳಿದ್ದನ್ನು ಅವಳು ಕೇಳಿದಳೋ ಇಲ್ಲವೋ.

ಔರಾದ ಬಸ್‌ಸ್ಟ್ಯಾಂಡಿನಲ್ಲಿ ಧೊಂಡಿಬಾ ಅವನನ್ನು ಹುಡುಕಬೇಕಾಗಲಿಲ್ಲ. ಅರವತ್ತರ ಹತ್ತಿರದ ಆಳು, ಧೋತರ, ತಲೆಗೆ ಕೆಂಪು ರುಮಾಲು, ಕೈಯಲ್ಲಿ ಒಂದು ಹಳೇ ಮೊಪೆಡ್ಡು. 'ಹಾಕ್ಕೊಂಡೇ ಬಂದ್ರಿ? ಛಲೋ ಆಯ್ತು, ಹ್ಯಾಂಗ ಕಾಣ್ತದ ಅಂಬೋದು ತಿಳೀತು' ಎಂದು ಅವನ ಸುತ್ತ ಒಂದು ಸುತ್ತು ಬಂದು, 'ಕೂಡ್ರಿ ಹಿಂದ' ಎಂದ. ಅಶೋಕಕುಮಾರ ತನ್ನ ನಲವತ್ತೆರಡು ವರ್ಷದಲ್ಲಿ ದೊಡ್ಡವನಾದ ಮೇಲೆ ಯಾರ ಹಿಂದೆಯೂ ಕೂತವನಲ್ಲ. ಮೊಪೆಡ್ಡು ಹೊರಟಾಗ ಅವನ ಕೈಗಳು ಮುಂದೆ ಹೋಗಿ ಹಿಡಿಯಲು ಏನನ್ನೋ ಹುಡುಕಿದವು. ಧೊಂಡಿಬಾನ ಸೊಂಟ ಹಿಡಿಯುವುದು ಸರಿಕಾಣಲಿಲ್ಲ. ಸೀಟಿನ ಕೆಳಗೆ ಕಬ್ಬಿಣದ ಅಂಚು ಕಾದು ಕೈಗವಸಿನೊಳಗೂ ಸುಡುತ್ತಿತ್ತು. ಎದುರಿಗೆ ಬರುವುದೇನೂ ಕಾಣದು, ಬರೀ ಕೆಂಪು ರುಮಾಲು. ರಸ್ತೆಯ ಗುಂಡಿಯೊಂದು ಬಂದದ್ದು ಅದನ್ನು ದಾಟಿ ಎಲುಬು ಅಲುಗಿದ ಮೇಲೆ ತಿಳಿಯುತ್ತಿತ್ತು. ಹೀಗೆ ಇರುತ್ತದೆಯೇ ಎಂದುಕೊಂಡ. ಚಿದ್ರಿಯಿಂದ ಭಾಲ್ಕಿ, ಭಾಲ್ಕಿಯಿಂದ ಭಾತಂಬ್ರಾ, ಹನ್ನೆರಡು ವರ್ಷ ತನ್ನ ಹಿಂದೆ ಕೂತ ಶೀತಲಳಿಗೆ ಹೀಗೆ ಇದ್ದಿರಬಹುದೇ. ಉಸಿರಾಡಿದ್ದು ಸಾಕೆನಿಸುವಷ್ಟು ಬಿಸಿಗಾಳಿ. 'ಮೆಲ್ಲಗ್ರಿ' ಎಂದ. ಗಾಳಿಗೆ ಧೊಂಡಿಬಾನಿಗೆ ಕೇಳಿಸಲಿಲ್ಲ.

ಎಕಂಬಾದ ಅಂಗಳದಲ್ಲಿ ಕುರಿಗಳು ಅವನನ್ನು ಕಂಡದ್ದೇ ಮೂಲೆಗೆ ಒತ್ತರಿಸಿ ಒಂದರ ಹೊಟ್ಟೆಯಡಿ ಒಂದು ತಲೆ ಹಾಕಿದವು. ನಾಯಿ ಬೊಗಳಬೇಕೆಂದು ಎದ್ದು, ಯಾಕೋ ಮನಸ್ಸು ಬದಲಿಸಿ, ಮನೆಯ ಹಿಂದಕ್ಕೆ ಹೋಯಿತು. ಧೊಂಡಿಬಾನ ಹೆಂಡತಿ ಸತ್ಯಮ್ಮ ಕಟ್ಟೆಯ ಮೇಲೆ ಕೂತು, ಮಡಿಲಲ್ಲಿ ಒಂದು ಮರಿಯನ್ನಿಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನೀರು ಕೊಟ್ಟರು, ಚಹಾ ಕೊಟ್ಟರು. ಬಿಸಿಲಿನಿಂದ ಬಂದು ತೊಟ್ಟುಕೊಂಡೇ ಕೂತಿದ್ದ ಅಶೋಕಕುಮಾರ, ಮಾರುವವನ ಧರ್ಮವೆಂದು, 'ನಿಮಗಿ ಅಳತಿ ಸರಿ ಆಗ್ತದ್ರಿ ಕಾಕಾ' ಎಂದ.

'ನನಗ್ಯಾಕ್ರಿ?' ಎಂದ ಧೊಂಡಿಬಾ. 'ಆಕಿಗಿ.'

ಅಶೋಕಕುಮಾರ ಸತ್ಯಮ್ಮನನ್ನು ನೋಡಿದ.

'ನಾ ಹ್ಯಾಂಡಲ್ ಹಿಡಕೊಂಡಿರ್ತೇನ್ರಿ. ಹೊಲದಾಗಿನ ಕುರಿ ತಟ್ಟಿನಾಗಿಂದ ಬರೋವಾಗ ಆಕಿ ಎರಡೂ ಕೈಯಾಗ ಮರಿ ಹಿಡಕೊಂಡು ಹಿಂದ ಕೂಡ್ತಾಳ. ಆಕಿ ಏನು ಹಿಡೀಬೇಕು? ಹೋದ ತಿಂಗಳದಾಗ ಎರಡು ಸಲ ಬಿದ್ಳು. ಮರಿಗಿ ಏನೂ ಆಗಿಲ್ಲ, ಆಕಿ ಮೊಣಕಾಲು ನೋಡ್ರಿ.' ಇದನ್ನು ಹೇಳುವಾಗ ಧೊಂಡಿಬಾನ ದನಿಯಲ್ಲಿ ಪ್ರೀತಿಯ ಪ್ರದರ್ಶನವೇನೂ ಇರಲಿಲ್ಲ. ಸೋರುವ ಕಡೆ ತಗಡು ಹಾಕಬೇಕು ಎಂದ ಹಾಗೆ ಹೇಳಿದ. ಅಷ್ಟು ಸರಳವಾದ ಲೆಕ್ಕ ತನಗೆ ಹನ್ನೆರಡು ವರ್ಷದಲ್ಲಿ ಯಾಕೆ ಹೊಳೆಯಲಿಲ್ಲ ಎಂದು ಅಶೋಕಕುಮಾರ ಯೋಚಿಸಿದ. ಜಾಕೆಟ್ಟು ತರಿಸಿದ ದಿನ ಶೀತಲಳಿಗೆ ತೊಟ್ಟು ತೋರಿಸಿದ್ದ. ಹ್ಯಾಂಗ ಕಾಣ್ತೇನಿ ಎಂದು ಕೇಳಿದ್ದ. ಛಲೋ ಕಾಣ್ತೀರಿ ಎಂದಿದ್ದಳು.

'ಇದು ಕೆಲಸ ಮಾಡ್ತದ ಅಂಬೋದಕ್ಕ ಏನು ಖಾತ್ರಿ?' ಎಂದು ಸತ್ಯಮ್ಮ ಮರಿಯನ್ನು ಕೆಳಗಿಳಿಸಿ ಕೇಳಿದಳು.

'ಹೊಸದಿದ್ದಂಗ ಅದ್ರಿ ಬಾಯಿ. ಒಮ್ಮೆನೂ ಬಿದ್ದಿಲ್ಲ.'

'ಬಿದ್ದಿಲ್ಲ ಅಂದ್ರ ಹ್ಯಾಂಗ ತಿಳೀಬೇಕು? ಕುರಿ ತಗೋಬೇಕಾದ್ರ ಹಲ್ಲು ನೋಡ್ತೇವಿ, ಬೆನ್ನು ಹಿಚುಕಿ ನೋಡ್ತೇವಿ. ಬಿದ್ದು ತೋರಸ್ರಿ.'

ಇದಕ್ಕೆ ಕಚೇರಿಯಲ್ಲಾದರೆ ಅವನಲ್ಲಿ ಉತ್ತರವಿತ್ತು. ನಾಳೆ ಬರ್ರಿ ಎನ್ನಬಹುದಿತ್ತು. ಇಲ್ಲಿ ನಾಳೆ ಬರಬೇಕಾದವನು ಅವನೇ. ಧೊಂಡಿಬಾ ಆಗಲೇ ಮೊಪೆಡ್ಡನ್ನು ಅಂಗಳದ ನಡುವೆ ತಂದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅಶೋಕಕುಮಾರ ಚಹಾದ ಲೋಟ ಕೆಳಗಿಟ್ಟು, ಹೋಗಿ ಸೀಟಿನ ಮೇಲೆ ಕೂತು, ಎಡಕ್ಕೆ ವಾಲಿ ಬಿದ್ದ. ಕುರಿಹಿಕ್ಕೆಯ ಧೂಳು ಎದ್ದಿತು. ಏನೂ ಆಗಲಿಲ್ಲ. ಬಲಕ್ಕೂ ಬೀಳಬೇಕೆಂದಳು ಸತ್ಯಮ್ಮ, ತಾನು ಬೀಳುವುದು ಬಲಕ್ಕಂತೆ. ಬಲಕ್ಕೆ ಬಿದ್ದ. ಬೆನ್ನಿನದು ಹ್ಯಾಂಗ ಎಂದು ಧೊಂಡಿಬಾ ಕೇಳಿದ್ದಕ್ಕೆ ಕಟ್ಟೆಯ ಮೇಲೆ ಬೆನ್ನು ಮಾಡಿ ನಿಂತು ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದ. ಅಷ್ಟರಲ್ಲಿ ಗೋಡೆಯ ಆಚೆ ಕೊಡ ಹೊತ್ತ ಹೆಂಗಸೊಬ್ಬಳು ನಿಂತು, 'ಏನಾಗ್ಯಾದ ಸತ್ಯಕ್ಕಾ?' ಎಂದಳು. 'ಸಾಹೇಬ್ರು ಬೀಳ್ಲಾಕತ್ತಾರ' ಎಂದಳು ಸತ್ಯಮ್ಮ. 'ಯಾಕ?' 'ಬೀದರದಿಂದ ಬಂದಾರ' ಎಂದಳು, ಅದೇ ಸಾಕಾದ ಕಾರಣವೆಂಬಂತೆ. ಹೆಂಗಸು ಕೊಡ ಇಳಿಸಿ ನಿಂತಳು, ಇನ್ನೂ ನಾಲ್ಕಾರು ಜನ ಸೇರಿದರು. ಓಡಿಬಂದು ಬಿದ್ದರೆ ಹ್ಯಾಂಗ ಎಂದು ಒಬ್ಬರು, ಮೊಣಕಾಲ ಮೇಲೆ ಎಂದು ಇನ್ನೊಬ್ಬರು. ಅಶೋಕಕುಮಾರ ಎಲ್ಲರ ಅರ್ಜಿಯನ್ನೂ ಸ್ವೀಕರಿಸಿದ. ಏಳನೆಯದೋ ಎಂಟನೆಯದೋ ಸಲ ಬೀಳುವಾಗ ಅವನಿಗೆ ಒಂದು ವಿಚಿತ್ರ ಆಸೆ ಹುಟ್ಟಿತು. ಎಲ್ಲಾದರೂ ಒಂದು ಕಡೆ ಈ ದರಿದ್ರ ಜಾಕೆಟ್ಟು ಕೈಕೊಡಲಿ, ಒಂದು ಎಲುಬಾದರೂ ತನ್ನದು ಅಲುಗಲಿ. ಬೀಳುವುದಕ್ಕೆ ಇನ್ನಷ್ಟು ಎತ್ತರ ಹುಡುಕಿದ, ಕಲ್ಲಿರುವ ಜಾಗ ಹುಡುಕಿದ. ಪ್ರತಿ ಸಲವೂ ಯಾರೋ ಅಪ್ಪಿ ಹಿಡಿದು ನೆಲಕ್ಕೆ ಇಳಿಸಿದ ಹಾಗೆ ಎದ್ದು ನಿಲ್ಲುತ್ತಿದ್ದ. ಜನ ತಲೆದೂಗುತ್ತಿದ್ದರು. 'ಸಾಮಾನು ಖರೇ ಅದ.'

ಸತ್ಯಮ್ಮ ಕೈಕೊಟ್ಟು ಅವನನ್ನು ಎಬ್ಬಿಸಿದಾಗ ಅವಳ ಅಂಗೈ ಕಪ್ಪಾಯಿತು. ಮೂಸಿ ನೋಡಿದಳು. ಅವನ ಎಡ ಮೊಣಕೈ ಹಿಡಿದು ತಿರುಗಿಸಿದಳು. ಪಾಲಿಶ್ ಹೋಗಿ ಕೆಳಗಿನ ಬಿಳಿ ಗಾಯ ತೆರೆದುಕೊಂಡಿತ್ತು.

'ಇದು ಇವತ್ತಿಂದಲ್ಲ.'

'ಅಲ್ರಿ.'

'ಯಾವಾಗ ಬಿದ್ರಿ?'

'ಮೂರು ವರ್ಷ ಆಯ್ತು. ಭಾತಂಬ್ರಾದಾಗ.' ತನ್ನ ದನಿ ತನಗೇ ಕಚೇರಿಯಲ್ಲಿ ಯಾರೋ ಹೇಳಿಕೆ ಕೊಟ್ಟ ಹಾಗೆ ಕೇಳಿಸಿತು. 'ನನಗೇನೂ ಆಗಲಿಲ್ಲ.'

ಧೊಂಡಿಬಾ ಮೊಪೆಡ್ಡನ್ನು ಗೋಡೆಗೆ ಒರಗಿಸಿದ. 'ಹಿಂದ ಯಾರ ಇದ್ರು?' ಎಂದ. ಬೈಕಿನ ವಿಷಯ ಬಂದರೆ ಆ ಮನುಷ್ಯನಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು.

ಅಶೋಕಕುಮಾರ ಚೈನು ಇಳಿಸಿ ಜಾಕೆಟ್ಟು ಕಳಚಿದ, ಗಾರ್ಡು ಬಿಚ್ಚಿದ, ಕೈಗವಸು ತೆಗೆದ. ಎಲ್ಲವನ್ನೂ ಕಟ್ಟೆಯ ಮೇಲಿಟ್ಟ. ಬೆವರಿನಲ್ಲಿ ತೊಯ್ದ ಅಂಗಿ ಮೈಗೆ ಅಂಟಿ, ಅವನು ಇದ್ದದ್ದರ ಅರ್ಧದಷ್ಟಾಗಿ ಕಂಡ. 'ಕಾಕಾ, ಗಾಡಿ ಒಂದೀಟು ಹಿಡೀರಿ' ಎಂದ.

'ಬ್ಯಾಡ್ರಿ ಸಾಹೇಬ್ರ. ನೋಡಿದೇವಲ್ಲ.'

'ಹಿಡೀರಿ.'

'ಏ, ಬ್ಯಾಡಂತ ಹೇಳ್ತೇನಿ! ಪೋಲೀಸರು ಬಂದ್ರ ನನ್ನ ಹಿಡೀತಾರ!'

ಅವನೇ ಹೋಗಿ ಗೋಡೆಗೆ ಒರಗಿದ್ದ ಮೊಪೆಡ್ಡನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಸೀಟಿನ ಮೇಲೆ ಒಂದೇ ಕಡೆ ಎರಡೂ ಕಾಲು ಹಾಕಿ, ಸೀರೆ ಉಟ್ಟವರು ಕೂರುವ ಹಾಗೆ ಕೂತ. ಹಿಡಿಯುವವರಿಲ್ಲದ ಗಾಡಿ ಕ್ಷಣ ಹೊತ್ತು ಆಲೋಚಿಸಿತು. ಆಮೇಲೆ ಮಗುಚಿತು. ಬಲಗೈ ತಾನಾಗಿ ನೆಲಕ್ಕೆ ಚಾಚಿತು, ಮಣಿಕಟ್ಟು ಮೈಯ ಭಾರಕ್ಕೆ ಸಿಕ್ಕಿತು, ಒಳಗೆಲ್ಲೋ ಹಸಿ ಕಡ್ಡಿ ಮುರಿದಂತಹ ಸದ್ದು ಅವನೊಬ್ಬನಿಗೇ ಕೇಳಿಸಿತು. ಮಣ್ಣಿನಲ್ಲಿ ಮುಖವಿಟ್ಟು ಅವನು ಕಾದ. ಈಗ ಏನೋ ಆಗಬೇಕು, ಮೂರು ವರ್ಷದಿಂದ ಎದೆಯಲ್ಲಿ ನಿಂತದ್ದು ಹರಿದುಹೋಗಬೇಕು ಎಂದು ಕಾದ. ಹರಿಯಲಿಲ್ಲ. ನೋವು ಬರೀ ನೋವಾಗಿತ್ತು, ಅದಕ್ಕೆ ಅವನ ಪರಿಚಯವೂ ಇರಲಿಲ್ಲ. ಕುರಿಮರಿ ಬಂದು ಅವನ ಕಿವಿಯನ್ನು ಮೂಸಿ, ಹಾಲಿಲ್ಲವೆಂದು ತಿಳಿದು ಹೋಯಿತು. ಗೋಡೆಯ ಮೇಲಿನಿಂದ ಒಬ್ಬರು, 'ಇದೂ ಪರೀಕ್ಷಾದಾಗ ಬರ್ತದೇನ್ರಿ?' ಎಂದು ಕೇಳಿದರು.

ಸತ್ಯಮ್ಮ ಜನರನ್ನು ಗದರಿಸಿ ಕಳಿಸಿದಳು. ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಮಣಿಕಟ್ಟನ್ನು ಕುರಿಯ ಕಾಲಿನಂತೆ ಒತ್ತಿ ನೋಡಿ, ಮುರಿದಿಲ್ಲ, ಉಳುಕ್ಯಾದ ಎಂದಳು. ಆಮೇಲೆ ಅವನೆದುರಿಗೇ ಜಾಕೆಟ್ಟನ್ನು ಸೀರೆಯ ಮೇಲೆ ತೊಟ್ಟು, ಚೈನು ಹಾಕಿ, ಮರಿಯನ್ನು ಎತ್ತಿಕೊಂಡು, ಅಂಗಳದಲ್ಲಿ ಹೋಗಿ ಬಂದು, ಭುಜ ಅಗಲಾತು, ನಡೀತದ ಎಂದಳು.

'ನಾ ಸುಳ್ಳು ಬರದಿದ್ದೆ ನೋಡ್ರಿ' ಎಂದ ಅಶೋಕಕುಮಾರ. 'ನೀವು ಬ್ಯಾಡಂದ್ರ ಒಯ್ತೇನಿ.'

'ಬಿದ್ದದ ಅಂತ ಬರದಿದ್ರ ಅವತ್ತೇ ತಗೋತಿದ್ದೆ' ಎಂದಳು ಸತ್ಯಮ್ಮ. 'ಬೀಳದಿದ್ದದ್ದನ್ನ ತಗೊಂಡು ಏನ್ ಮಾಡ್ಲಿ?' ಚೈನು ಇಳಿಸುತ್ತ ಕೇಳಿದಳು: 'ಹಿಂದ ಇದ್ದಾಕಿ ಏನಂದ್ಳು?'

'ಏನೂ ಅನ್ನಲಿಲ್ರಿ.'

'ನೀವು ಕೇಳಿದ್ರ್ಯಾ?'

ಧೊಂಡಿಬಾ ಜಾಹೀರಾತಿನಲ್ಲಿದ್ದ ಬೆಲೆಯನ್ನೇ ಕೊಟ್ಟು, ಅವನನ್ನು ಔರಾದಕ್ಕೆ ಬಿಟ್ಟು, ಬಸ್ಸು ಹತ್ತಿಸಿ ಹೋದ. ದಾರಿಯುದ್ದಕ್ಕೂ ಅಶೋಕಕುಮಾರನಿಗೆ ಮೈ ವಿಪರೀತ ಹಗುರಾಗಿ, ಯಾರಾದರೂ ತಾಗಿದರೆ ಒಳಗೆ ಬಂದುಬಿಡುತ್ತಾರೆ ಎನಿಸುತ್ತಿತ್ತು. ನೀವು ಕೇಳಿದ್ರ್ಯಾ. ಡಾಕ್ಟರು ಕೇಳಿದ್ದರು, ಅತ್ತೆ ಕೇಳಿದ್ದರು, ಭಾತಂಬ್ರಾದ ವಾಜಂತ್ರಿಯವನೊಬ್ಬ ಭಾಲ್ಕಿಯ ಸಂತೆಯಲ್ಲಿ ಸಿಕ್ಕಾಗ ಕೇಳಿದ್ದ. ತಾನು ಮಾತ್ರ, ಕೇಳಿದರೆ ಅವಳು ಉತ್ತರ ಹೇಳಿಬಿಡುತ್ತಾಳೆ ಎಂದು ಕೇಳಿರಲಿಲ್ಲ.

ಹೊತ್ತು ಇಳಿಯುವಾಗ ಮನೆ ಮುಟ್ಟಿದ. ಶೀತಲ ಬಾಗಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವನ ಕೈ ನೋಡಿ ಮೊರ ಪಕ್ಕಕ್ಕಿಟ್ಟಳು.

'ಏನಾಯ್ತ್ರಿ?'

'ಬಿದ್ದೆ.'

'ಬಸ್ಸಿನಾಗಿಂದ?'

'ಇಲ್ಲ. ಮೊಪೆಡ್ ಮ್ಯಾಗಿಂದ. ನಿಂತಿತ್ತು ಅದು.'

'ನಿಂತ ಗಾಡಿ ಮ್ಯಾಗಿಂದ?'

'ಹೂಂ. ಬ್ಯಾರೆಯವ್ರ ಗಾಡಿ. ಕುರಿಯವ್ರದು.'

ಅವಳು ತಡೆಯಲು ನೋಡಿದಳು, ಆಗಲಿಲ್ಲ, ನಕ್ಕುಬಿಟ್ಟಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮೂರು ವರ್ಷದಲ್ಲಿ ಅವಳು ನಕ್ಕಿರಲಿಲ್ಲ ಎಂದಲ್ಲ, ನಗುತ್ತಿದ್ದಳು. ಇಷ್ಟು ಹತ್ತಿರದಿಂದ ಅವನು ನೋಡಿರಲಿಲ್ಲ. ಒಳಗೆ ಹೋಗಿ ಅರಿಶಿನ, ಸುಣ್ಣ ಕಲಸಿ ಬಿಸಿ ಮಾಡಿ ತಂದಳು. ಅವನ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು, ಎಡಗೈಯಿಂದ ಹಿಡಿದು, ಸೊಟ್ಟ ಕೂಡಿದ ಬಲಗೈಯಿಂದ ಲೇಪ ಹಚ್ಚತೊಡಗಿದಳು. ಆ ಕೈ ಪೂರ್ತಿ ತಿರುಗುವುದಿಲ್ಲವಾದ್ದರಿಂದ ಭುಜವನ್ನೇ ಓರೆ ಮಾಡಿ ಹಚ್ಚುತ್ತಿದ್ದಳು. ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿತ್ತು. ಅದು ಅವಳೋ ಕೈಯೋ ತಿಳಿಯಲಿಲ್ಲ. ಅವನು ಹಲ್ಲು ಕಚ್ಚಿದ. ಎದುರು ಮನೆಯಲ್ಲಿ ಯಾರೋ ನಳದ ಕೆಳಗೆ ಕೊಡ ಇಟ್ಟರು, ಖಾಲಿ ಕೊಡಕ್ಕೆ ನೀರು ಬೀಳುವ ಸದ್ದು ಸಣ್ಣಗಾಗುತ್ತ ಬಂತು. ಕೊಡ ತುಂಬುವುದರೊಳಗೆ ಕೇಳದಿದ್ದರೆ ಇನ್ನು ಆಗುವುದಿಲ್ಲ ಎನಿಸಿತು.

'ನಿನಗ ಭಾಳ ನೋವಾಗಿತ್ತೇನು?' ಎಂದ.

ಶೀತಲಳ ಕೈ ನಿಂತಿತು. ಮುಖವೆತ್ತಿ ಅವನನ್ನು ನೋಡಿದಳು.

'ಯಾವಾಗ?' ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ. ಮರೆತವಳ ಮುಖವೂ ಅದಲ್ಲ. ಸಾಲಾಗಿ ಇಟ್ಟ ಡಬ್ಬಿಗಳ ಮುಂದೆ ನಿಂತು, ಯಾವುದು ಬೇಕಿತ್ತು ಹೇಳಿ, ತೆಗೆದುಕೊಡುತ್ತೇನೆ ಎನ್ನುವವಳ ಹಾಗೆ ಕೇಳಿದ್ದಳು. ಭಾತಂಬ್ರಾ ಎನ್ನಲು ಅವನು ಬಾಯಿ ತೆರೆದ. ಆ ಸಾಲಿನಲ್ಲಿ ಆ ಹೆಸರು ಬರೀ ಒಂದು ಡಬ್ಬಿಯಾಗಿ, ಇದ್ದಕ್ಕಿದ್ದಂತೆ ಬಹಳ ಸಣ್ಣದಾಗಿ ಕಂಡಿತು. ಶೀತಲ ಹಳೇ ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳಿ, ಪಟ್ಟಿ ಮಾಡಿ, ಅವನ ಮಣಿಕಟ್ಟಿಗೆ ಸುತ್ತುತ್ತ, ಉತ್ತರಕ್ಕೆ ಕಾಯುತ್ತಿದ್ದಳು.